ಟ್ರಂಕಿನಲ್ಲಿರುವ ಪುಸ್ತಕ, ಚೆಲ್ಲಿದ ಕಾಫಿ

ಪ್ರಶ್ನೆ: ನನಗೆ 62. ಮೈಸೂರಿನವನು, ಕ್ರೈಂ ಬ್ರಾಂಚ್‌ನಲ್ಲಿ ಪತ್ತೇದಾರನಾಗಿದ್ದು ನಿವೃತ್ತನಾದೆ. ಐದು ತಿಂಗಳಿಂದ ಸಕಲೇಶಪುರದ ಹತ್ತಿರದ ದೊಡ್ಡ ಕಾಫಿ ತೋಟವೊಂದರಲ್ಲಿದ್ದೇನೆ. ಯಜಮಾನರು ಅಕ್ಟೋಬರ್‌ನಲ್ಲಿ ಕೀಟನಾಶಕ ಹೊಟ್ಟೆ ಸೇರಿ ತೀರಿಕೊಂಡರು. ಅತ್ತಿಗೆಯೇ ವಿಷ ಹಾಕಿದ್ದು ಅಂತ ಮೈದುನರ ದೂರು. ಅಮ್ಮ, ಅಂದರೆ ಯಜಮಾನರ ಹೆಂಡತಿ, ಜಾಮೀನಿನ ಮೇಲಿದ್ದಾರೆ, ಬೆದರಿಕೆ ಕರೆಗಳು ಬರುತ್ತಿದ್ದರಿಂದ ನನ್ನನ್ನು ಕಾವಲಿಗೆ ಇಟ್ಟುಕೊಂಡರು. ಅವರು ನಿರಪರಾಧಿ ಎಂದೇ ನಂಬಿದ್ದೆ. ಹೋದ ವಾರ ಗೋಡೌನಿನಲ್ಲಿ ಔಷಧಿಯ ಸ್ಟಾಕ್ ಪುಸ್ತಕ ಸಿಕ್ಕಿತು. ಸಾವಿಗೆ ಎರಡು ದಿನ ಮೊದಲು ಒಂದು ಬಾಟಲಿ ಹೊರಗೆ ಹೋಗಿದೆ, ಬರಹ ಅಮ್ಮನದು. ಪೊಲೀಸರು ಅದನ್ನು ನೋಡಿಲ್ಲ. ಈಗ ನನ್ನ ಟ್ರಂಕಿನಲ್ಲಿದೆ. ಸುಡಲಾ, ಕೊಡಲಾ? ಅಮ್ಮ ಕೊಡುವ ಸಂಜೆಯ ಕಾಫಿಯನ್ನು ದಾಸವಾಳದ ಬುಡಕ್ಕೆ ಸುರಿಯುತ್ತಿದ್ದೇನೆ.

ಉತ್ತರ: ಸಾರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸುಡಬೇಡಿ. ಕೊಲೆ ಸಾಬೀತಾದರೆ, ಅಪರಾಧಿಯನ್ನು ಉಳಿಸಲು ಸಾಕ್ಷ್ಯ ನಾಶ ಮಾಡಿದವರಿಗೆ 7 ವರ್ಷದವರೆಗೆ ಸಜೆ ಇದೆ. ಇದನ್ನು ನಾನು ನಿಮಗೆ ಹೇಳಬೇಕಾ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಟ್ರಂಕಿಗೆ ಹಾಕಿದ್ದೀರಿ, ಅಷ್ಟೇ.

ನನ್ನ ತವರು ಮೂಡಿಗೆರೆ ಕಡೆ. ಅಕ್ಟೋಬರ್ ಅಂದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಲ. ಹುಳು ಹಾರುವ ಆ ದಿನಗಳಲ್ಲಿ ಗೋಡೌನಿನಿಂದ ಔಷಧಿ ಬಾಟಲಿ ಹೊರಗೆ ಹೋಗದಿದ್ದರೇ ಆಶ್ಚರ್ಯ. ನಮ್ಮ ಮನೆಯಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ರಜೆ ಹಾಕಿದ ದಿನ ನನ್ನಮ್ಮನೇ ಪುಸ್ತಕ ಬರೆಯುತ್ತಿದ್ದಳು. ಹಿಂದಿನ ವರ್ಷಗಳ ಅದೇ ತಿಂಗಳ ಪುಟಗಳನ್ನು ತಿರುವಿ ನೋಡಿದಿರಾ? ಆ ವಾರ ಎಷ್ಟು ಆಳು ಸ್ಪ್ರೇಗೆ ಹೋಗಿದ್ದರು ಅಂತ ಮೇಸ್ತ್ರಿಯನ್ನು ಕೇಳಿದಿರಾ? ಸರ್ವೀಸಿನಲ್ಲಿದ್ದಾಗ ಇದನ್ನೇ ಮೊದಲು ಕೇಳುತ್ತಿದ್ದಿರಿ. ಮೊದಲು ಅವರು ನಿರಪರಾಧಿ ಅಂತ ಸುಮ್ನೆ ನಂಬಿದಿರಿ, ಈಗ ಸುಮ್ನೆ ಗುಮಾನಿ ಪಡುತ್ತಿದ್ದೀರಿ. ಎರಡಕ್ಕೂ ವಿಚಾರಣೆ ಮಾಡಿಲ್ಲ. ಹಾಗಂತ ಈಗ ವಿಚಾರಣೆಗೆ ಹೊರಡಬೇಡಿ. ಆ ಪುಟ ಅಮ್ಮನನ್ನು ಉಳಿಸಲೂಬಹುದು, ಮುಳುಗಿಸಲೂಬಹುದು. ಅದನ್ನು ತೂಗುವ ಕೆಲಸ ಈಗ ನಿಮ್ಮದಲ್ಲ.

ಮೈದುನರ ಲೆಕ್ಕವನ್ನೂ ಮರೆಯಬೇಡಿ. ಮಕ್ಕಳಿಲ್ಲ, ತಂದೆ ತಾಯಿ ಇಲ್ಲ, ಉಯಿಲಿಲ್ಲ ಎಂದಾದರೆ ಗಂಡನ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೇ. ಕೊಂದವರಿಗೆ ಮಾತ್ರ ಪಾಲಿಲ್ಲ, ಆಗ ಸರದಿ ಅಣ್ಣತಮ್ಮಂದಿರದು. ಇದರಿಂದ ದೂರು ಸುಳ್ಳಾಗುವುದಿಲ್ಲ. ಆದರೆ ಗೋಡೌನಿನ ಬೀಗದ ಕೈ ಯಾರ ಯಾರ ಹತ್ತಿರ ಇತ್ತು ಅನ್ನುವ ಪ್ರಶ್ನೆ ಹುಟ್ಟುತ್ತದೆ, ಅಲ್ವಾ?

ನೀವೊಬ್ಬ ವಕೀಲರನ್ನು ನೋಡಿ. ಅಮ್ಮನ ವಕೀಲರಲ್ಲ, ನಿಮ್ಮದೇ ಬೇರೆ. ಅವರ ಮೂಲಕ, ಒಂದು ಅಕ್ಷರವೂ ತಿದ್ದದೆ, ಪುಸ್ತಕ ಎಲ್ಲಿ ಯಾವಾಗ ಸಿಕ್ಕಿತು ಅಂತ ಬರೆದು ತನಿಖಾಧಿಕಾರಿಗೆ ಒಪ್ಪಿಸಿ. ಅಲ್ಲಿಯವರೆಗೆ ಅಮ್ಮ "ಆ ರಾತ್ರಿ ಏನಾಯ್ತು ಅಂದ್ರೆ" ಅಂತ ಶುರು ಮಾಡಿದರೆ ಕೈಮುಗಿದು ತಡೆಯಿರಿ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನೀವು ಈಗ ಪೊಲೀಸ್ ಅಲ್ಲ, ನಿಮ್ಮ ಕಿವಿಗೆ ಬಿದ್ದದ್ದು ಸಾಕ್ಷಿಯಾಗಬಹುದು. ವಕೀಲರಿಗಿರುವ ಗುಟ್ಟಿನ ರಕ್ಷಣೆಯೂ ನಿಮಗಿಲ್ಲ. ಕಾವಲಿಗೆ ಲೈಸೆನ್ಸ್ ಇರುವ ಏಜೆನ್ಸಿಯವರು ಬರಲಿ. ಸಾಕ್ಷಿಯೂ ಕಾವಲುಗಾರನೂ ಒಬ್ಬನೇ ಆಗುವುದು ಅಮ್ಮನಿಗೂ ಒಳ್ಳೆಯದಲ್ಲ.

ಕೊನೆಗೆ ಕಾಫಿ. ಮೂರೂ ಸಲ ಓದಿದಾಗ ನಾನು ನಿಂತದ್ದು ಅಲ್ಲೇ. ನಂಬಿಕೆ ಹೋಗಿದ್ದರೂ ಮನೆ ಬಿಡುತ್ತಿಲ್ಲ ನೀವು. ಸಂಬಳಕ್ಕಾ, ಹಠಕ್ಕಾ, ಇನ್ನೇನಕ್ಕಾದರೂ ಇರಬಹುದಾ? ಪತ್ರದಲ್ಲಿ ಅದನ್ನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಆದರೆ ಇವತ್ತು ಸಂಜೆ ಲೋಟ ಕೊಟ್ಟಾಗ "ಬೇಡಮ್ಮಾ" ಅಂತ ನೇರವಾಗಿ ಹೇಳಿಬಿಡಿ. ದಾಸವಾಳದ ಬುಡದಲ್ಲಿ ದಿನಾ ಕಾಫಿ ಚರಟ ನಿಂತಿರುವುದು ತೋಟದ ಮನೆಯ ಹೆಂಗಸಿನ ಕಣ್ಣಿಗೆ ಬೀಳದೆ ಇರುತ್ತದಾ?