ಹೆದರಿ ದುಪ್ಪಟ್ಟು ಹೊಡೆದರೆ ಕೊಳೆ ನಿಲ್ಲುತ್ತದೆಯೇ?

ಪ್ರಶ್ನೆ: ಹೋದ ಮಳೆಗಾಲದಲ್ಲಿ ಅಡಿಕೆಯ ಅರ್ಧ ಫಸಲು ಕೊಳೆರೋಗಕ್ಕೆ ಉದುರಿತು. ಈ ಸಲ ಮುನ್ನೆಚ್ಚರಿಕೆಗೆಂದು 100 ಲೀಟರ್ ನೀರಿಗೆ 2 ಕಿಲೋ ಮೈಲುತುತ್ತ ಹಾಕಿ, 20 ದಿನಕ್ಕೊಮ್ಮೆ ಔಷಧಿ ಹೊಡೆಸುವ ಯೋಚನೆ. ಮನೆಯಲ್ಲಿ 'ಅತಿಯಾಯ್ತು' ಅನ್ನುತ್ತಾರೆ. ಯಾರ ಮಾತು ಸರಿ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮನೆಯವರದ್ದು. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕಾಯಿಯ ಮೇಲೆ ಪದರವಾಗಿ ಕೂತು ರೋಗ ಒಳಗಿಳಿಯದಂತೆ ತಡೆಯುತ್ತದೆ, ಅಷ್ಟೇ. ಒಳಹೊಕ್ಕ ಕೊಳೆಯನ್ನು ವಾಸಿ ಮಾಡದು. ತಡವಾದ ಮೇಲೆ ಎಷ್ಟು ಗಟ್ಟಿ ಮಾಡಿದರೂ ದಂಡ. ಮೇಲಾಗಿ ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ. ವರ್ಷ ವರ್ಷ ಶೇಖರವಾಗಿ ಎರೆಹುಳಕ್ಕೆ ಕುತ್ತು ತರುತ್ತದೆ.

1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು: ಇಷ್ಟು ಸಾಕು. ನಿಮ್ಮ ಹೆದರಿಕೆಯನ್ನೆಲ್ಲ ಕಲಸುವ ಕೆಲಸಕ್ಕೆ ಸುರಿಯಿರಿ. ಎರಡು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ 50 ಲೀಟರಿನಂತೆ ಬೇರೆಬೇರೆ ಕರಗಿಸಿ, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಮೈಲುತುತ್ತದ ನೀರನ್ನು ಅದಕ್ಕೆ ನಿಧಾನ ಹೊಯ್ಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಬೇಡ, ತಾಮ್ರ ಅದಕ್ಕೇ ಅಂಟುತ್ತದೆ. ಇದೇ ಗುಣದಿಂದ ಪರೀಕ್ಷೆಯನ್ನೂ ಮಾಡಬಹುದು: ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಅಲಗು ಕೆಂಪಾದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕೆಂಪು ಬರುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸಿ. ಕಲಸಿದ್ದು ಅಂದೇ ಮುಗಿಯಬೇಕು, ಮರುದಿನಕ್ಕೆ ಇಟ್ಟರೆ ಅಂಟುವ ಗುಣ ಹೋಗುತ್ತದೆ.

ಕಾಲ ಮುಖ್ಯ. ಮೊದಲ ಸಲ ಜೂನ್ ಮೊದಲ ಭಾಗದ ಮೃಗಶಿರ ಮಳೆ ಹಿಡಿಯುವ ಮುಂಚೆ. ಎರಡನೆಯದು 40-45 ದಿನಕ್ಕೆ, ಜುಲೈನ ಪುನರ್ವಸು-ಪುಷ್ಯ ಮಳೆಗಳ ನಡುವೆ ಮಳೆ ಬಿಟ್ಟು ಹೊಳವಾದ ದಿನ ಸಿಕ್ಕ ಕೂಡಲೇ. 'ಇನ್ನೆರಡು ದಿನ ಪೂರಾ ಬಿಸಿಲು ಬರಲಿ' ಎಂದು ಕಾದು ಕೂತವರ ತೋಟವೇ ಹೆಚ್ಚು ಕೊಳೆಯುವುದು. ಕಾಯಿ ಮೇಲಿನ ನೀರು ಆರಿದ್ದು, ಹೊಡೆದ ಮೇಲೆ ಪದರ ಒಣಗುವಷ್ಟು ಹೊತ್ತು ಸಿಕ್ಕರೆ ಸಾಕು. ಮಳೆ ಜಗ್ಗದೆ ಮುಂದುವರಿದರೆ ಮಾತ್ರ ಮೂರನೆಯದು. ರೋಗ ಬಿದ್ದ ಅಡಿಕೆ ಗೊನೆ ಇಳಿಸಿ, ಉದುರಿದ ಕಾಯಿ ಹೆಕ್ಕಿ ತೋಟದಾಚೆ ಸಾಗಿಸದಿದ್ದರೆ ಔಷಧಿಯ ದುಡ್ಡು ನೀರುಪಾಲು.

ಎಷ್ಟು ಎಚ್ಚರ ಇದ್ದರೂ ಹೆಚ್ಚಾಗದ ಜಾಗ ಒಂದೇ: ಪಾಚಿಗಟ್ಟಿದ ಒದ್ದೆ ಮರ. ಮರ ಹತ್ತುವ ಕೊನೆಗಾರರು 'ಇವತ್ತು ಹತ್ತಲ್ಲ' ಅಂದರೆ ಒತ್ತಾಯ ಬೇಡ. ಹೊಳವು ತಪ್ಪೀತು ಅನ್ನಿಸಿದರೆ ಕಾರ್ಬನ್ ಫೈಬರ್ ದೋಟಿಯವರನ್ನು (ಉದ್ದ ಕೋಲಿನಿಂದ ಹೊಡೆಯುವವರನ್ನು) ಕರೆಸಿ, ನೆಲದಿಂದಲೇ ಹೊಡೆಸಿ.