ಹೋರಾಟ ಬಿಟ್ಟು ಕಸೂತಿ ಹಿಡಿದರೇ?

ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ, ಸ್ವಾತಂತ್ರ್ಯ ಚಳವಳಿಯಿಂದ ಕರಕುಶಲ ಕಲೆಗಳ ಕೆಲಸಕ್ಕೆ ಬಂದ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಬಂದ ಲೇಖನಕ್ಕೆ 'ಕೊನೆಯವರೆಗೂ ಹೋರಾಟಗಾರ್ತಿ' ಎಂದು ತಲೆಬರಹ ಕೊಟ್ಟಿದ್ದೆವು. ಅವರ ತಕರಾರು ಅದರ ಮೇಲೇ. "ಉಪ್ಪು ಮಾರಿ ಜೈಲಿಗೆ ಹೋದವರು ಕೊನೆಗೆ ಮಡಕೆ, ಸೀರೆ, ಬೊಂಬೆಗಳ ಪ್ರದರ್ಶನ ನಡೆಸುತ್ತಾ ಉಳಿದರು. ಇದು ದಣಿವು. ಅದನ್ನು ಹೋರಾಟ ಅಂತ ಕರೆಯುವುದು ನಿಮ್ಮ ದೊಡ್ಡ ಮನಸ್ಸು ಅಷ್ಟೇ" ಎಂದಿದ್ದಾರೆ. ಇಂಥ ಪತ್ರ ಬಂದರೆ ನಮಗೆ ಖುಷಿಯೇ. ಹೊಗಳಿಕೆಯ ಪತ್ರಕ್ಕೆ ಉತ್ತರ ಬರೆಯುವುದು ಭಾರೀ ಕಷ್ಟ.

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಮಂಗಳೂರಿನಲ್ಲಿದೆ ಅಂತ ನನಗನ್ನಿಸುತ್ತದೆ. ಕಮಲಾದೇವಿ ಹುಟ್ಟಿದ್ದು ಅಲ್ಲೇ, 1903ರಲ್ಲಿ. ತಂದೆ ಧಾರೇಶ್ವರ ಮನೆತನದವರು, ದೊಡ್ಡ ಸರ್ಕಾರಿ ಅಧಿಕಾರಿ. ಮಗಳಿಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲಾ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳಿಗಿಷ್ಟು ಕೊಡುತ್ತೇವೆ ಎಂಬ ಮಾತು. ಆಕೆ ಅದು ಬೇಡ ಎಂದುಬಿಟ್ಟರು. ಮದುವೆಯಲ್ಲಿ ತವರಿನಿಂದ ಬಂದ ಆಸ್ತಿಯಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ನಿನ್ನೆಯವರೆಗೆ ಯಜಮಾನಿಯಾಗಿದ್ದ ಅಮ್ಮ, ಇವತ್ತು ಇನ್ನೊಬ್ಬರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವಂತಾಗಿದ್ದನ್ನು ಆ ಹುಡುಗಿ ಕಣ್ಣಾರೆ ನೋಡಿದಳು. ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷಕ್ಕೆ ವಿಧವೆ. ಮುಂದೆ ಮರುಮದುವೆ, ಅದಕ್ಕೆ ಊರೆಲ್ಲಾ ಗುಲ್ಲು. ಇದೆಲ್ಲಾ ನಿಮಗೆ ಗೊತ್ತಿರುವುದೇ.

ಇಲ್ಲಿಂದ ನೋಡಿದರೆ 1926ರ ಚುನಾವಣೆ ಬೇರೆಯಾಗಿ ಕಾಣುತ್ತದೆ. ಮದರಾಸು ಶಾಸನಸಭೆಗೆ ಹೆಂಗಸರೂ ನಿಲ್ಲಬಹುದು ಎಂದು ಆಗಷ್ಟೇ ನಿಯಮವಾಗಿತ್ತು. ಹೆಂಗಸರ ಹಕ್ಕಿಗಾಗಿ ಹೋರಾಡುತ್ತಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಬೆನ್ನಿಗೆ ನಿಂತರು. ಕಮಲಾದೇವಿ ನಿಂತರು, ಸ್ವಲ್ಪದರಲ್ಲಿ ಸೋತರು. ಆದರೆ ಆಗ ಮತ ಹಾಕುವ ಹಕ್ಕಿದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಹೆಂಗಸರಿಗೆ ಮತ ಎಂದರೂ ಅದು ಉಳ್ಳವರ ಮನೆಯ ಹೆಂಗಸರಿಗೆ ಮಾತ್ರ. ಮನೆಯಲ್ಲಿ ಗೋಖಲೆಯಂಥವರು ಬಂದು ಕೂತು ಮಾತಾಡಿದ್ದನ್ನು ಕೇಳುತ್ತಾ ಬೆಳೆದ ಹುಡುಗಿಗೆ ಮೊದಲು ಕಂಡದ್ದು ತನ್ನಂಥವರ ಕಷ್ಟವೇ. ಅದು ತಪ್ಪಲ್ಲ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ ಅಲ್ವಾ? ಎಲ್ಲಿ ನಿಂತುಬಿಡುತ್ತಾರೆ ಎನ್ನುವುದು ಬೇರೆ ಮಾತು.

ಅವರು ನಿಲ್ಲಲಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರು ಬೇಡ ಎಂಬ ಅಭಿಪ್ರಾಯದಲ್ಲಿದ್ದ ಗಾಂಧೀಜಿಯ ಹತ್ತಿರವೇ ಹೋಗಿ ವಾದ ಮಾಡಿದರು. ಮುಂಬೈ ಷೇರುಪೇಟೆಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ಸುಮಾರು ಒಂದು ವರ್ಷ ಜೈಲು. ಆಮೇಲೆ ಸಮಾಜವಾದಿಗಳ ಜೊತೆ ಸೇರಿ 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರೂ ಆದರು.

ನೀವು ಪತ್ರದಲ್ಲಿ ಮುಟ್ಟದ ಒಂದು ಘಟನೆ ನನಗೆ ತುಂಬಾ ಇಷ್ಟ. 1941, ಅಮೆರಿಕದ ಲೂಸಿಯಾನಾ. ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದರು. ಟಿಕೆಟ್ ನೋಡುವವನು ಬಂದು ಎದ್ದು ಹೋಗಿ ಎಂದ. ಇವರು ಕದಲಲಿಲ್ಲ. ಸೀರೆ ಉಟ್ಟವರನ್ನು ನೋಡಿ ಅವನಿಗೂ ಗೊಂದಲ, ಎಲ್ಲಿಯವರು ಎಂದು ಕೇಳಿದ. ನ್ಯೂಯಾರ್ಕಿನಿಂದ ಬರುತ್ತಿದ್ದೇನೆ ಎಂದರು. ಅದಲ್ಲ, ಯಾವ ದೇಶ ಅಂತ ಮತ್ತೆ ಕೇಳಿದ. ಭಾರತ ಎಂದು ಹೇಳಿ, ರಾಣಿಯೋ ರಾಜಕುಮಾರಿಯೋ ಅನ್ನುವ ಹಾಗೆ ಮುಖ ಮಾಡಿಕೊಂಡಿದ್ದರೆ ಸುಮ್ನೆ ಬಚಾವಾಗಬಹುದಿತ್ತು. ಯಾವ ದೇಶವಾದರೇನು, ನಾನೂ ಕಪ್ಪು ಜನರ ಪೈಕಿಯವಳೇ, ಇಲ್ಲಿಂದ ಏಳುವುದಿಲ್ಲ ಎಂದುಬಿಟ್ಟರು. ಅವನು ಗೊಣಗಿಕೊಂಡು ಹೋದ. ಆಸ್ತಿವಂತರ ಮತದಾರರ ಪಟ್ಟಿಯಿಂದ ಈ ಸೀಟಿಗೆ ಹದಿನೈದು ವರ್ಷ.

ಇನ್ನು ನಿಮ್ಮ ಮುಖ್ಯ ತಕರಾರಿಗೆ ಬರೋಣ. ದೇಶ ಇಬ್ಭಾಗವಾದಾಗ ದೆಹಲಿಗೆ ನಿರಾಶ್ರಿತರು ಬಂದು ಬಿದ್ದರು. 1948ರಲ್ಲಿ ಕಮಲಾದೇವಿ ಭಾರತೀಯ ಸಹಕಾರ ಒಕ್ಕೂಟ ಕಟ್ಟಿದರು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ಜನರಿಗೆ ಫರೀದಾಬಾದಿನಲ್ಲಿ ಊರು ಎದ್ದಿತು. ಇಟ್ಟಿಗೆ ಹೊತ್ತು ಗೋಡೆ ಕಟ್ಟಿದವರಲ್ಲಿ ಆ ನಿರಾಶ್ರಿತರೇ ಇದ್ದರು. ಕೈಚಾಚಿ ಅನ್ನ ತಿನ್ನಬಾರದು, ಕೈಗೆ ಕೆಲಸ ಬೇಕು ಎಂಬುದು ಕಮಲಾದೇವಿಯ ಹಟ. ತಿಂಗಳಿಗಿಷ್ಟು ಎಂಬ ದುಡ್ಡನ್ನು ಗಿರಿಜಾಬಾಯಿ ಬೇಡ ಎಂದಿದ್ದು ಇಲ್ಲಿ ನಿಮಗೆ ನೆನಪಾಗುವುದಿಲ್ಲವೇ?

1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯನ್ನೂ ನಾನು ಇದರ ಮುಂದುವರಿಕೆ ಎಂದೇ ಓದುತ್ತೇನೆ. ನೇಯುವವರು, ಕುಂಬಾರರು, ಬುಟ್ಟಿ ಹೆಣೆಯುವವರು, ಮನೆಯಲ್ಲೇ ಕೂತು ಸೂಜಿ ಹಿಡಿದ ಹೆಂಗಸರು. ಸಂಘ ಇಲ್ಲ, ಕೂಲಿ ಲೆಕ್ಕ ಇಲ್ಲ, ರಸ್ತೆಗಿಳಿದು ಕೂಗುವ ಗಂಟಲೂ ಇಲ್ಲ. ಇವರಿಗೆ ಮಾರುಕಟ್ಟೆ ಹುಡುಕುವುದು, ನಿಂತೇಹೋಗುತ್ತಿದ್ದ ಕಸುಬಿಗೆ ತರಬೇತಿ ಕೇಂದ್ರ ತೆರೆಯುವುದು ಹೋರಾಟ ಅಲ್ಲ ಎಂದರೆ ನಾನು ಒಪ್ಪುವುದಿಲ್ಲ. ಬಟ್ಟೆಯ ಮೇಲೆ ಲೇಖನಿಯಲ್ಲಿ ಚಿತ್ರ ಬಿಡಿಸುವ ಶ್ರೀಕಾಳಹಸ್ತಿಯ ಕಲಂಕಾರಿ ಇವತ್ತು ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. 1957ರ ಹೊತ್ತಿಗೆ ಮಂಡಳಿ ಅಲ್ಲಿ ಕಲಿಸುವ ಕೇಂದ್ರ ತೆರೆಯದಿದ್ದರೆ ಆ ಬಿದಿರಿನ ಲೇಖನಿ ಹಿಡಿಯುವ ಕೈಗಳು ಎಷ್ಟು ಉಳಿದಿರುತ್ತಿದ್ದವೋ.

ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫರೀದಾಬಾದಿನಲ್ಲಿ ಸರ್ಕಾರದ ಇಲಾಖೆಗಳ ಕೈ ಮೇಲಾದ ಹಾಗೆ ಸಹಕಾರದ ಕಳೆ ಹೋಯಿತು. ಕರಕುಶಲ ವಸ್ತು ಮಾರುವ ಎಂಪೋರಿಯಂಗಳ ಕಥೆಯೂ ಜಾಸ್ತಿ ಬೇರೆಯಲ್ಲ. ಗಾಜಿನ ಕಪಾಟಿನೊಳಗೆ ಹೋದ ಸೀರೆಯ ಬೆಲೆಗೂ ಅದನ್ನು ಮಾಡಿದವರ ಕೈಗೆ ಬಂದ ದುಡ್ಡಿಗೂ ಎಲ್ಲಿಗೆಲ್ಲಿಯ ಸಂಬಂಧ! ನಮ್ಮ ಡ್ರಾಯಿಂಗ್ ರೂಮಿಗೆ ಕಳೆ ಬಂತು, ಕೈಕಸುಬಿನವರ ಮಕ್ಕಳು ಕಸುಬು ಬಿಟ್ಟು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. ಅದಕ್ಕೆ ಕಮಲಾದೇವಿಯೊಬ್ಬರನ್ನೇ ಕಟಕಟೆಗೆ ಹತ್ತಿಸುವುದು ಸರಿಯಲ್ಲ, ಅಷ್ಟೇ ನನ್ನ ವಾದ. ಮಾಡಿದವನ ಹೆಸರೇ ಇಲ್ಲದ ವಸ್ತುಗಳ ದೇಶ ನಮ್ಮದು. ಅಲ್ಲಿ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಶುರುವಾಯಿತು. ಅದಕ್ಕೆ ಹಾದಿ ಮಾಡಿದವರಲ್ಲಿ ಅವರೂ ಒಬ್ಬರು. 1988ರಲ್ಲಿ ತೀರಿಕೊಳ್ಳುವವರೆಗೂ ಇದೇ ಕೆಲಸ.

ಹಾಗಾಗಿ ತಲೆಬರಹ ಬದಲಿಸುವುದಿಲ್ಲ. ಆದರೆ ನಿಮ್ಮ ಪತ್ರ ಓದಿದ ಮೇಲೆ ಆ ಸಂಚಿಕೆಯನ್ನು ಮತ್ತೆ ತೆಗೆದು ನೋಡಿದೆ. ಲೇಖನದ ಜೊತೆ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿರುವ ಹೆಂಗಸೊಬ್ಬರ ಚಿತ್ರ ಹಾಕಿದ್ದೆವು. ದಾರಕ್ಕೆ ಗಂಟು ಹಾಕದೆ, ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆ. ಎರಡೂ ಮಗ್ಗುಲು ಒಂದೇ ತರ ಕಾಣುತ್ತದೆ. ಚಿತ್ರದ ಕೆಳಗೆ ಫೋಟೊ ತೆಗೆದವರ ಹೆಸರಿದೆ, ಸೂಜಿ ಹಿಡಿದವರ ಹೆಸರಿಲ್ಲ. ಫೋಟೊದವರಿಗೆ ಫೋನ್ ಮಾಡಿದೆ. "ಧಾರವಾಡದ ಕಡೆಯವರು ಸಾರ್, ಹೆಸರು ಕೇಳಲಿಲ್ಲ" ಎಂದರು. ಈ ವಾರ ಮತ್ತೆ ಆ ಕಡೆ ಹೋಗುತ್ತಿದ್ದಾರೆ, ಕೇಳಿಕೊಂಡು ಬರುತ್ತಾರೆ.

— ಸಂಪಾದಕ