ಎರಡು ವರ್ಷದ ಮಗುವಿದೆ, ಮೊದಲ ಹಡಗಿನ ಪ್ರವಾಸ ಎಲ್ಲಿಗೆ?

ಪ್ರಶ್ನೆ: ಅಕ್ಕಾ ಅವರಿಗೆ ನಮಸ್ಕಾರ. ನಮ್ಮ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಮಗನಿಗೆ ಐದು ವರ್ಷ, ಯುಕೆಜಿ ಓದುತ್ತಿದ್ದಾನೆ. ಮಗಳಿಗೆ ಈಗಷ್ಟೇ ಎರಡು ತುಂಬಿದೆ, ಇನ್ನೂ ಡೈಪರ್ ಬಿಟ್ಟಿಲ್ಲ. ಯಜಮಾನರ ಕಚೇರಿಯಲ್ಲಿ ಒಬ್ಬರು ಸಿಂಗಪುರದಿಂದ ಕ್ರೂಸ್ ಹೋಗಿ ಬಂದು ಫೋಟೊ ತೋರಿಸಿದಾಗಿನಿಂದ ಮನೆಯಲ್ಲಿ ಅದೇ ಮಾತು. ಯಜಮಾನರಿಗೆ ಸಿಂಗಪುರ, ಮಲೇಷ್ಯಾದ ಪೆನಾಂಗ್ ಕಡೆ ಮನಸ್ಸು. ನನಗೆ ಲಕ್ಷದ್ವೀಪ ನೋಡುವ ಆಸೆ. ಅತ್ತೆಯವರು, ‘ಗೋವಾದ ತನಕ ಹೋಗಿ ಬಂದರೆ ಸಾಲದೇ’ ಎನ್ನುತ್ತಾರೆ. ಅವರೂ ನಮ್ಮ ಜೊತೆ ಬರುವವರು, ಮೊಣಕಾಲು ನೋವಿದೆ. ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ ಹೊರಡುವ ಯೋಚನೆ. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ. ಎಲ್ಲಿಗೆ ಹೋಗಲಿ?
— ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಅತ್ತೆಯವರ ಮಾತೇ ಸರಿ. ಮುಂಬೈಯಿಂದ ಗೋವಾಕ್ಕೆ ಹೋಗುವ ಹಡಗು ಹತ್ತಿ. ಆದರೆ ಮೇ ತಿಂಗಳು ಖಂಡಿತ ಬೇಡ.

ಮೊದಲು ತಿಂಗಳ ವಿಚಾರ ಮುಗಿಸುತ್ತೇನೆ, ಏಕೆಂದರೆ ಊರಿಗಿಂತ ಅದೇ ಮುಖ್ಯ. ಮೇ ಕಳೆಯುತ್ತಿದ್ದಂತೆ ಅರಬ್ಬಿ ಸಮುದ್ರದ ಸ್ವಭಾವ ಬದಲಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಬಡಿದದ್ದು ನಿಮಗೆ ನೆನಪಿರಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಗಾರಿನ ಅಲೆಗಳು ದೊಡ್ಡವು. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಅದೇ ಕಡಲು ಬಹುಪಾಲು ಶಾಂತವಾಗಿರುತ್ತದೆ. ಕ್ರಿಸ್‌ಮಸ್ ವಾರದಲ್ಲಿ ಹಡಗು ಕಿಕ್ಕಿರಿದಿರುತ್ತದೆ, ದರವೂ ಏರಿರುತ್ತದೆ. ಜನವರಿಯಲ್ಲಿ ಸಂಕ್ರಾಂತಿ ಆದ ಮೇಲೆ ಒಂದು ವಾರಾಂತ್ಯ ಹಿಡಿಯಿರಿ. ಯುಕೆಜಿಯ ಹುಡುಗ ಎರಡು ದಿನ ಶಾಲೆ ತಪ್ಪಿಸಿದರೆ ನಷ್ಟವೇನೂ ಇಲ್ಲ.

ಇನ್ನು ಊರಿನ ಮಾತು. ಹುಬ್ಬಳ್ಳಿಯಲ್ಲಿ ಪ್ರವಾಸ ಕಚೇರಿಯ ಮೇಜಿನ ಹಿಂದೆ ಕುಳಿತಿದ್ದ ವರ್ಷಗಳಲ್ಲೂ, ಆಮೇಲೆ ಮಗಳ ಮಕ್ಕಳನ್ನು ಕರೆದುಕೊಂಡು ತಿರುಗಿದಾಗಲೂ ನಾನು ಕಂಡದ್ದು ಒಂದೇ. ಐದು ವರ್ಷದ ಮಗುವಿಗೆ ಪೆನಾಂಗ್ ಆದರೇನು, ಪಣಜಿ ಆದರೇನು? ಅದಕ್ಕೆ ಬೇಕಾದದ್ದು ಹಡಗು. ಗೋಡೆಯೊಳಗಿಂದ ಬಿಚ್ಚಿಕೊಂಡು ಬರುವ ಹಾಸಿಗೆ, ಕಿಟಕಿಯಾಚೆ ಓಡುವ ನೀರು, ಬೆಳಿಗ್ಗೆ ಬಾಗಿಲು ತೆರೆದರೆ ಉದ್ದಕ್ಕೂ ಸಿಗುವ ಕಾರಿಡಾರು. ಊರು ನೋಡಬೇಕೆಂಬ ಆಸೆ ದೊಡ್ಡವರದು. ಆದ್ದರಿಂದ ಮೊದಲ ಸಲ ಊರನ್ನು ಆರಿಸಬೇಡಿ. ಮನೆಯಿಂದ ಬಂದರು ಎಷ್ಟು ದೂರ, ಹಡಗಿನಲ್ಲಿ ಎಷ್ಟು ರಾತ್ರಿ, ಮಕ್ಕಳ ವಯಸ್ಸಿಗೆ ಅಲ್ಲಿ ಏನು ಸಿಗುತ್ತದೆ, ಇಷ್ಟು ನೋಡಿ ಆರಿಸಿ.

ನಿಮ್ಮ ಮಗಳ ವಯಸ್ಸಿಗೆ ಸಿಗುವುದು ಕಡಿಮೆ, ಇದನ್ನು ಟಿಕೆಟ್ ಮಾರುವವರು ತಾವಾಗಿ ಹೇಳುವುದಿಲ್ಲ. ಹೆಚ್ಚಿನ ಹಡಗುಗಳಲ್ಲಿ ಡೈಪರ್ ಹಾಕುವ ಮಕ್ಕಳನ್ನು ಈಜುಕೊಳಕ್ಕೆ ಇಳಿಸುವಂತಿಲ್ಲ. ಈಜುವಾಗ ಹಾಕುವ ವಿಶೇಷ ಡೈಪರ್ ಇದ್ದರೂ ಅಷ್ಟೆ. ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಶೌಚದ ಅಭ್ಯಾಸ ಆಗಿರಬೇಕು. ಅಂದರೆ ಅಣ್ಣ ನೀರಿನಲ್ಲಿ ಆಡುವಾಗ ತಂಗಿ ನಿಮ್ಮ ಸೊಂಟದ ಮೇಲೆ ಕುಳಿತು ಅಳುತ್ತಾಳೆ. ಎರಡು ಮೂರು ರಾತ್ರಿಯಾದರೆ ಇದನ್ನು ನಿಭಾಯಿಸಬಹುದು. ಅದಕ್ಕಿಂತ ದೀರ್ಘವಾದರೆ ನೀವು ದಣಿಯುತ್ತೀರಿ. ಪ್ರವಾಸದಲ್ಲಿ ತಾಯಿ ದಣಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ.

ಮುಂಬೈಯಿಂದ ಈಗ ಮುಖ್ಯವಾಗಿ ಓಡುತ್ತಿರುವುದು ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಯಾನ ಶುರುಮಾಡಿದ ಹಡಗು ಅದು. ಬಹುಕಾಲ ರಾಯಲ್ ಕೆರಿಬಿಯನ್ ಕಂಪನಿಯಲ್ಲಿದ್ದು, 2021ರ ಸೆಪ್ಟೆಂಬರ್‌ನಿಂದ ನಮ್ಮ ಕರಾವಳಿಯಲ್ಲಿ ಪ್ರಯಾಣಿಕರನ್ನು ಒಯ್ಯುತ್ತಿದೆ. ಉದ್ದ ಸುಮಾರು 211 ಮೀಟರ್. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಇಂಥ ಏಳು ಹಡಗುಗಳನ್ನು ಸಾಲಾಗಿ ನಿಲ್ಲಿಸಬಹುದು ಎಂದು ಮಗನಿಗೆ ಹೇಳಿ, ಅವನಿಗೆ ಅಳತೆ ಸಿಗುತ್ತದೆ. ಇಂದಿನ ದೊಡ್ಡ ಹಡಗುಗಳ ಮುಂದೆ ಇದು ಚಿಕ್ಕದು. ಮೊಣಕಾಲು ನೋವಿನ ಅತ್ತೆಯವರಿಗೆ ಊಟದ ಮನೆಯಿಂದ ಕೋಣೆಗೆ ನಡೆಯುವ ದೂರ ಕಡಿಮೆ, ಮಗು ಕಣ್ತಪ್ಪಿದರೆ ಹುಡುಕುವ ಜಾಗವೂ ಕಡಿಮೆ. ಚಿಕ್ಕ ಹಡಗು ಅಲೆಗೆ ಹೆಚ್ಚು ಹೊಯ್ದಾಡುತ್ತದೆ ಎಂಬುದೂ ನಿಜ. ಅದಕ್ಕಾಗಿಯೇ ನಾನು ತಿಂಗಳ ವಿಷಯದಲ್ಲಿ ಇಷ್ಟು ಪಟ್ಟು ಹಿಡಿದದ್ದು.

ಇನ್ನೊಂದು ಅನುಕೂಲ ನಮ್ಮ ಭಾಗದವರಿಗೇ ಇರುವಂಥದ್ದು. ಕೆಲವು ಯಾನಗಳಲ್ಲಿ ಮುಂಬೈಯಲ್ಲಿ ಹತ್ತಿ ಗೋವಾದಲ್ಲೇ ಇಳಿದುಬಿಡಲು ಟಿಕೆಟ್ ಕೊಡುತ್ತಾರೆ. ವೇಳಾಪಟ್ಟಿ ಋತುವಿನಿಂದ ಋತುವಿಗೆ ಬದಲಾಗುತ್ತದೆ, ಕೇಳಿ ನೋಡಿ. ಹಡಗು ನಿಲ್ಲುವ ಮರ್ಮಗೋವಾ ಬಂದರು ವಾಸ್ಕೋ ಪಟ್ಟಣಕ್ಕೆ ಅಂಟಿಕೊಂಡೇ ಇದೆ. ವಾಸ್ಕೋದಿಂದ ಕುಳೆಂ, ದೂಧಸಾಗರ, ಕ್ಯಾಸಲ್‌ರಾಕ್, ಲೋಂಡಾ ದಾರಿಯಾಗಿ ಧಾರವಾಡ, ಹುಬ್ಬಳ್ಳಿಗೆ ರೈಲು ಬರುತ್ತದೆ. ಹಡಗಿನಿಂದಿಳಿದ ಮಕ್ಕಳಿಗೆ ಘಟ್ಟದ ಸುರಂಗಗಳು ಸಿಕ್ಕರೆ ಕೇಳಬೇಕೇ! ಹೋಗುವಾಗ ಮಾತ್ರ ಹಿಂದಿನ ದಿನವೇ ಮುಂಬೈ ಸೇರಿ, ರಾತ್ರಿ ನಿದ್ದೆ ಮಾಡಿ. ರಾತ್ರಿ ಬಸ್ಸು ತಡವಾಯಿತೆಂದು ಹಡಗು ಕಾಯುವುದಿಲ್ಲ. ಹೊರಡುವ ಸಮಯಕ್ಕೆ ಬಹಳ ಮೊದಲೇ ತಪಾಸಣೆಯ ಬಾಗಿಲು ಮುಚ್ಚಿರುತ್ತದೆ.

ನಿಮ್ಮ ಲಕ್ಷದ್ವೀಪದ ಆಸೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಅಲ್ಲಿನ ಲಗೂನಿನ ನೀರು ನೋಡಿದವರು ಬೇರೆ ಕಡಲತೀರವನ್ನು ಸುಲಭಕ್ಕೆ ಮೆಚ್ಚುವುದಿಲ್ಲ. ಆದರೆ ದೊಡ್ಡ ಹಡಗು ಅಗತ್ತಿ ದ್ವೀಪದ ದಡಕ್ಕೆ ಬರಲಾರದು. ಹವಳದ ದಿಬ್ಬದ ಹೊರಗೆ, ಆಳದ ನೀರಿನಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ಹಡಗು ಒಂದು ಲಯದಲ್ಲಿ ಏರಿಳಿಯುತ್ತಿರುತ್ತದೆ, ದೋಣಿ ಇನ್ನೊಂದು ಲಯದಲ್ಲಿ. ಎರಡೂ ಸಮಕ್ಕೆ ಬಂದ ಕ್ಷಣ ನೋಡಿ ಸಿಬ್ಬಂದಿ ‘ಈಗ’ ಎಂದಾಗ ಕಾಲಿಡಬೇಕು. ಕಂಕುಳಲ್ಲಿ ಎರಡು ವರ್ಷದ ಮಗು, ಹಿಂದೆ ಮೊಣಕಾಲು ನೋವಿನ ಹಿರಿಯರು, ಎಲ್ಲರಿಗೂ ಕುತ್ತಿಗೆಯ ತನಕ ಜೀವರಕ್ಷಕ ಜಾಕೆಟ್. ಮರಳುವಾಗ ಮತ್ತೆ ಅದೇ. ಕಡಲು ಸ್ವಲ್ಪ ಕೆರಳಿದರೂ ದ್ವೀಪಕ್ಕೆ ಇಳಿಸುವುದನ್ನು ರದ್ದು ಮಾಡುತ್ತಾರೆ. ಆಗ ಲಕ್ಷದ್ವೀಪವನ್ನು ಡೆಕ್ ಮೇಲಿಂದ ನೋಡಿ ಬರಬೇಕಾಗುತ್ತದೆ. ಮಗಳಿಗೆ ಐದು ತುಂಬಲಿ, ಆಗ ಹೋಗಿ. ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದವರ ‘ಸಮುದ್ರಂ’ ಪ್ರವಾಸವೂ ಇದೆ. ಅದರಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಕಳೆದು ರಾತ್ರಿ ಹಡಗಿನಲ್ಲಿ ಮಲಗುತ್ತೀರಿ. ದ್ವೀಪ ನೋಡುವುದೇ ಉದ್ದೇಶವಾದರೆ ಅದು ಒಳ್ಳೆಯದು. ಯಾವ ದಾರಿಯಲ್ಲಿ ಹೋದರೂ ಪ್ರವೇಶ ಪರವಾನಗಿ ಬೇಕು.

ಸಿಂಗಪುರದ ಪರವಾಗಿ ಯಜಮಾನರು ಹೇಳಬಹುದಾದ ಮಾತನ್ನು ನಾನೇ ಹೇಳುತ್ತೇನೆ. ಪೆನಾಂಗ್‌ಗೆ ಹಡಗು ಸಾಗುವ ಮಲಾಕ್ಕ ಜಲಸಂಧಿಗೆ ಎರಡೂ ಕಡೆ ನೆಲದ ಆಸರೆಯಿದೆ, ನೀರು ಬಹುಮಟ್ಟಿಗೆ ಶಾಂತ. ಹಡಗುಗಳು ದೊಡ್ಡವು, 2016ರಲ್ಲಿ ಬಂದ ‘ಗೆಂಟಿಂಗ್ ಡ್ರೀಮ್’ 335 ಮೀಟರ್ ಉದ್ದವಿದೆ, ನೀರಿನ ಜಾರುಬಂಡೆಗಳಿವೆ, ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ. ಆದರೆ ಮಕ್ಕಳೊಡನೆ ಬೆಂಗಳೂರಿನ ದಾರಿ, ಅಲ್ಲಿಂದ ನಾಲ್ಕೂವರೆ ತಾಸಿನ ಆಸುಪಾಸಿನ ವಿಮಾನ, ಐದು ಜನರ ಪಾಸ್‌ಪೋರ್ಟು. ಸಿಂಗಪುರದ ವೀಸಾ ಒಮ್ಮೆ ಮಾತ್ರ ಒಳಹೋಗಲು ಬಿಡುವಂಥದ್ದಾದರೆ ಸಾಲದು. ಹಡಗು ಹೊರದೇಶಕ್ಕೆ ಹೋಗಿ ತಿರುಗಿ ಬರುವುದರಿಂದ ಎರಡನೇ ಸಲ ಒಳಬರಲೂ ಅವಕಾಶವಿರಬೇಕು. ಹಡಗು ಹತ್ತಿ ನೋಡದ ಕುಟುಂಬ ಇಷ್ಟೆಲ್ಲ ಮೈಮೇಲೆ ಎಳೆದುಕೊಂಡು, ಮೊದಲ ರಾತ್ರಿಯೇ ಮಗುವಿಗೆ ಕಡಲು ಒಗ್ಗದು ಎಂದು ತಿಳಿದರೆ ಏನು ಮಾಡುವುದು? ಪಾಸ್‌ಪೋರ್ಟಿನ ಕೆಲಸವನ್ನು ಈಗಲೇ ಶುರುಮಾಡಿ, ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನ್ಮ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದನ್ನೇ ಒಪ್ಪುತ್ತಾರೆ. ಮಗಳ ಪತ್ರದಲ್ಲಿ ನಿಮ್ಮಿಬ್ಬರ ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದುತ್ತದೆಯೇ ಎಂದು ಇವತ್ತೇ ತೆಗೆದು ನೋಡಿ. ಗೋವಾಕ್ಕಾದರೆ ಪಾಸ್‌ಪೋರ್ಟು ಬೇಡ, ಸರ್ಕಾರಿ ಗುರುತಿನ ಚೀಟಿ ಸಾಕು.

ಕೋಣೆ ಆರಿಸುವಾಗ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ, ಕಿಟಕಿಯಿರುವ ಕೋಣೆ ಕೇಳಿ. ತೂಗಾಟ ಅಲ್ಲಿ ಕಡಿಮೆ. ಬಾಲ್ಕನಿ ಬೇಡವೇ ಬೇಡ. ಬಾಲ್ಕನಿಯಲ್ಲಿ ಕುರ್ಚಿ ಇಟ್ಟಿರುತ್ತಾರೆ, ಕುರ್ಚಿ ಕಂಡ ಮಗು ಹತ್ತುತ್ತದೆ. ಐವರಿಗೆ ಅಕ್ಕಪಕ್ಕದ ಎರಡು ಕೋಣೆ ಬೇಕು, ಮೂರನೆಯ ನಾಲ್ಕನೆಯ ಹಾಸಿಗೆ ಮೇಲಿನಿಂದ ಇಳಿಬಿಡುವಂಥದ್ದಾದ್ದರಿಂದ ಅತ್ತೆಯವರು ಹತ್ತಲಾರರು. ಮಗಳಿಗೆ ತೊಟ್ಟಿಲು ಮಂಚ ಬೇಕೆಂದು ಮುಂಗಡ ಕಟ್ಟುವಾಗಲೇ ಬರೆಸಿ. ಸ್ನಾನದ ಮನೆಯ ಬಾಗಿಲಿಗೆ ಎತ್ತರದ ಹೊಸಿಲಿರುತ್ತದೆ, ಕೋಣೆಯ ಬಾಗಿಲು ಭಾರವಾಗಿದ್ದು ತಾನೇ ಮುಚ್ಚಿಕೊಳ್ಳುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಇಬ್ಬರು ಮಕ್ಕಳಿಗೂ ಇವೆರಡನ್ನು ಕೈಹಿಡಿದು ತೋರಿಸಿ. ಬೆರಳು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ದರದ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಒಬ್ಬರ ಲೆಕ್ಕ, ಅದೂ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ. ಮಕ್ಕಳಿಗೆ ಉಚಿತ ಎಂದಿದ್ದರೂ ಬಂದರು ಶುಲ್ಕ, ತೆರಿಗೆ ಇರುತ್ತವೆ. ಎಲ್ಲ ಸೇರಿಸಿ ಕೊನೆಯ ಮೊತ್ತ ಎಷ್ಟೆಂದು ಕಾಗದದ ಮೇಲೆ ಬರೆಸಿಕೊಂಡ ನಂತರವೇ ಹಣ ಕಟ್ಟಿ.

ಸಾಮಾನಿನ ವಿಚಾರ. ನಮ್ಮ ಹೆಣ್ಣುಮಕ್ಕಳು ಮಗುವಿನ ಗಂಜಿಗೆಂದು ಕರೆಂಟಿನ ಪುಟ್ಟ ಕೆಟಲ್ ಒಯ್ಯುತ್ತಾರೆ. ಬೆಂಕಿಯ ಭಯದಿಂದ ಹಡಗಿನಲ್ಲಿ ಕೆಟಲ್, ಇಸ್ತ್ರಿ ಪೆಟ್ಟಿಗೆ ಬಿಡುವುದಿಲ್ಲ. ತಪಾಸಣೆಯಲ್ಲಿ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಬಿಸಿನೀರನ್ನು ಊಟದ ಮನೆಯಿಂದ ಫ್ಲಾಸ್ಕಿನಲ್ಲಿ ತನ್ನಿ. ಮನೆಯಲ್ಲಿ ಮಾಡಿದ ಅಡುಗೆಗೂ ಸಾಮಾನ್ಯವಾಗಿ ಅನುಮತಿಯಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮುಂಬೈ ತಲುಪುವುದರೊಳಗೆ ಮುಗಿಯಲಿ. ಸೀಲ್ ಆದ ಮಗುವಿನ ಆಹಾರದ ಪೊಟ್ಟಣಕ್ಕೆ ತೊಂದರೆಯಿಲ್ಲ. ದೊಡ್ಡ ಬ್ಯಾಗುಗಳನ್ನು ಬಂದರಿನಲ್ಲೇ ತೆಗೆದುಕೊಂಡು ತಾಸುಗಟ್ಟಲೆ ತಡವಾಗಿ ಕೋಣೆಗೆ ಮುಟ್ಟಿಸುತ್ತಾರೆ. ಡೈಪರ್, ಔಷಧಿ, ಮಗನ ಈಜುಡುಗೆ, ಅತ್ತೆಯವರ ಮೊಣಕಾಲು ಪಟ್ಟಿ ಕೈಚೀಲದಲ್ಲಿರಲಿ.

ಹಡಗಿನ ಹೊಟ್ಟೆತೊಳಸು ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನೇ ಹೆಚ್ಚು ಕಾಡುತ್ತದೆ. ನಿಮ್ಮ ಇಬ್ಬರೂ ಆ ವಯಸ್ಸಿನವರೇ. ಹೊರಡುವ ಮೊದಲು ಮಕ್ಕಳ ವೈದ್ಯರನ್ನು ಕಂಡು, ಅವರು ಬರೆದ ಔಷಧಿ, ಅವರು ಹೇಳಿದ ಪ್ರಮಾಣ, ಅಷ್ಟೇ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಬೇಡ. ವಾಂತಿಗೆ ಕೊಡುವ ಪ್ರೊಮೆಥಜಿನ್ ಎಂಬ ಔಷಧಿ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ನಿಲ್ಲಿಸಬಲ್ಲದು. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಸಿ. ಹಡಗುಗಳಲ್ಲಿ ಹರಡುವ ನೊರೊವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಕೊನೆಗೊಂದು ಮಾತನ್ನು ಒತ್ತಿ ಹೇಳಬೇಕು. ಹಡಗು ಹೊರಡುವ ಮುನ್ನ ಸುರಕ್ಷಾ ತಾಲೀಮು ನಡೆಯುತ್ತದೆ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದಾಗ ಹೊಸದಾಗಿ ಹತ್ತಿದ ನೂರಾರು ಜನಕ್ಕೆ ಇನ್ನೂ ತಾಲೀಮೇ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಯಿತು. ತಾಲೀಮಿನ ಹೊತ್ತಿಗೆ ಎಲ್ಲರೂ ಫೋಟೊ ತೆಗೆಯುವುದರಲ್ಲಿ ಮುಳುಗಿರುತ್ತಾರೆ. ನೀವು ಫೋನು ಒಳಗಿಟ್ಟು, ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಕೇಳಿ ಪಡೆದು, ಒಮ್ಮೆ ತೊಡಿಸಿ ನೋಡಿ. ನಿಮ್ಮ ಗುಂಪು ಸೇರುವ ಜಾಗಕ್ಕೆ ಅತ್ತೆಯವರನ್ನು ನಡೆಸಿಕೊಂಡು ಹೋಗಿ. ಅಪಾಯದ ಹೊತ್ತಿನಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಎಷ್ಟೆಂದು ಅವರಿಗೆ ಗೊತ್ತಿರಲಿ.

ಪ್ರಶ್ನೆ: ಮಗ, ಸೊಸೆ ಡಿಸೆಂಬರಿನಲ್ಲಿ ಕ್ರೂಸ್ ಹೋಗುವ ಹುರುಪಿನಲ್ಲಿದ್ದಾರೆ. ಆಗ ಮೊಮ್ಮಗನಿಗೆ ಐದು ತಿಂಗಳು. ಬೇಡ ಎಂದರೆ ನನ್ನದು ಹಳೆಯ ಕಾಲದ ಮಾತು ಎನ್ನುತ್ತಾರೆ.
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಗುರುಗಳೇ, ನಿಮ್ಮ ಮಾತಿಗೆ ಹಡಗಿನವರ ನಿಯಮದ ಬೆಂಬಲವೇ ಇದೆ. ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ದೀರ್ಘ ಯಾನಗಳಿಗೆ ಒಂದು ವರ್ಷ ಆಗಿರಬೇಕು. ನಡುಗಡಲಿನಲ್ಲಿ ಮಕ್ಕಳ ಆಸ್ಪತ್ರೆ ಇರುವುದಿಲ್ಲ, ಕಾರಣ ಇಷ್ಟೇ. ನೀರಿನ ಮೇಲೆ ಒಂದು ರಾತ್ರಿ ಕಳೆಯಲೇಬೇಕೆಂದರೆ ಅಲಪ್ಪುಳದ ದೋಣಿಮನೆ ಇದೆ. ಮೀನುಗಾರರು ಬಲೆ ಬೀಸುವ ಹೊತ್ತೆಂದು ಸಂಜೆ ಐದೂವರೆ, ಆರಕ್ಕೆ ದೋಣಿಯನ್ನು ದಡಕ್ಕೆ ಕಟ್ಟುತ್ತಾರೆ. ರಾತ್ರಿಯಿಡೀ ಅದು ಅಲ್ಲಾಡದೆ ನಿಂತಿರುತ್ತದೆ, ರಸ್ತೆಯೂ ಹತ್ತಿರ. ಸೊಳ್ಳೆಪರದೆ ಮಾತ್ರ ಮರೆಯಬಾರದು. ನೀವೂ ಜೊತೆಗೆ ಹೋಗಿ, ಕೂಸನ್ನು ಎತ್ತಿಕೊಳ್ಳಲು ಒಂದು ಜೊತೆ ಕೈ ಹೆಚ್ಚಿಗೆ ಸಿಕ್ಕರೆ ಸೊಸೆಗೆ ನಿದ್ದೆಯಾಗುತ್ತದೆ.

ಪ್ರಶ್ನೆ: ಫೆಬ್ರವರಿಗೆ ಗೋವಾ ಹಡಗು ಕಾಯ್ದಿರಿಸಿದ್ದೇವೆ. ಕಡಲಿನಲ್ಲಿ ಮೊಬೈಲ್ ಸಿಗುತ್ತದೆಯೇ? ಮಕ್ಕಳಿಗೆ ಮೊಬೈಲ್ ಇಲ್ಲದಿದ್ದರೆ ಊಟ ಇಳಿಯುವುದಿಲ್ಲ.
— ತಂದೆ, ಹಾವೇರಿ

ಉತ್ತರ: ದಡ ದೂರವಾದಂತೆ ಊರಿನ ನೆಟ್‌ವರ್ಕ್ ಹೋಗುತ್ತದೆ. ಆಮೇಲೆ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ಲು ಕಣ್ಣು ಕುಕ್ಕುವಷ್ಟು ಬರುತ್ತದೆ. ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ವೈಫೈಗೆ ಬೇರೆ ಹಣ ಕಟ್ಟಬೇಕು, ಅದರಲ್ಲಿ ವಿಡಿಯೊ ಸರಾಗವಾಗಿ ಓಡುತ್ತದೆಂಬ ಭರವಸೆ ಬೇಡ. ಒಂದೆರಡು ವಿಡಿಯೊ ಮನೆಯಲ್ಲೇ ಇಳಿಸಿಕೊಂಡಿರಿ. ಊಟಕ್ಕೆ ಮಾತ್ರ ಕಿಟಕಿ ಪಕ್ಕದ ಮೇಜು ಹಿಡಿಯಿರಿ; ಬೇಗ ಹೋದರೆ ಸಿಗುತ್ತದೆ. ಗೋವಾ ಸಮೀಪಿಸುವಾಗ ಕೆಲವೊಮ್ಮೆ ಡಾಲ್ಫಿನ್‌ಗಳು ಕಾಣಿಸಿಕೊಳ್ಳುತ್ತವೆ, ಬೆಳಗಿನ ಹೊತ್ತು ಮಕ್ಕಳನ್ನು ಎಬ್ಬಿಸಿ ಡೆಕ್ಕಿಗೆ ಕರೆದುಕೊಂಡು ಬನ್ನಿ.